ಮೆಹಬೂಬನ ಬಲಗೈ ಮತ್ತು ಕೋಟೆ ಆಟದ ಮೂರು ಭಾಗಗಳು

ವಿಡಿಯೋ ಗೇಮ್‌ನ ಕಂಟ್ರೋಲರ್ ಗೋಡೆಗೆ ಬಡಿದು ಕೆಳಗೆ ಬಿತ್ತು. ಎಸೆದವನು ನನ್ನ ಗೆಳೆಯ ಮೆಹಬೂಬ. ಎಸೆದದ್ದು ಎಡಗೈಯಿಂದ.

"ಸಾಕ್ ಮಾಡಲೇ ಗುರ್ಯಾ. ಈ ಕೈ ಸತ್ತೈತಿ. ಆಟ ಆಡಿದ್ರ ಎದ್ದು ಬರ್ತೈತೇನು?"

ಅವನ ಹೆಂಡತಿ ರೇಷ್ಮಾ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

ಮೆಹಬೂಬ ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಗುರುತು ಹಾಕಿ, ಮೆಷಿನ್‌ನಿಂದ ಒಂದೇ ಸಲಕ್ಕೆ ಕತ್ತರಿಸುವ ಕೆಲಸ. ಕೈ ಸ್ವಲ್ಪ ಆಚೀಚೆ ಆದರೂ ಇಡೀ ರಾಶಿ ಹಾಳು.

ಈ ವರ್ಷ ಅವನಿಗೆ ಸ್ಟ್ರೋಕ್ ಆಯಿತು. ವಯಸ್ಸು ನಲವತ್ತೊಂದು.

ಮಾತು, ನಡಿಗೆ ಬೇಗ ಸರಿಹೋದವು. ಬಲಗೈ ಬೆರಳುಗಳು ಮಾತ್ರ... ಅಲುಗಾಡುತ್ತವೆ, ಆದರೆ ಏನು ಮುಟ್ಟಿದರೂ ಗೊತ್ತಾಗುವುದಿಲ್ಲ. ಕುರುಗೋಡಿನ ಮನೆ ಸೇರಿದವನು ಹೊರಗೇ ಬರಲಿಲ್ಲ. ವ್ಯಾಯಾಮ ಮಾಡು ಅಂದರೆ ರಬ್ಬರ್ ಚೆಂಡನ್ನು ಕಪಾಟಿನ ಮೇಲೆ ಇಟ್ಟುಬಿಟ್ಟಿದ್ದ.

ಆಗ ನನಗೆ ಹೊಳೆದಿದ್ದು ನಮ್ಮ 'ಕೋಟೆ ಆಟ'.

ಸಿರುಗುಪ್ಪದಲ್ಲಿ ನಾವಿಬ್ಬರೂ ಒಂದೇ ಓಣಿಯವರು. ಶಾಲೆ ಬಿಟ್ಟ ಕೂಡಲೇ ನಮ್ಮ ಮನೆ ಟಿವಿ ಮುಂದೆ ಹಾಜರ್. ಕೈಯಲ್ಲಿ ದೀಪ ಹಿಡಿದ ಹುಡುಗಿಯೊಬ್ಬಳು ಹಾಳು ಕೋಟೆಯೊಳಗೆ ಇಳಿಯುತ್ತಾಳೆ, ಅಷ್ಟೇ ಕಥೆ. ಒಟ್ಟು ಮೂರು ಭಾಗ ಬಂದವು. ಗೇಮ್ ಪೆಟ್ಟಿಗೆಗಳು, ಕ್ಯಾಸೆಟ್ಟು, ಸಿಡಿ ಎಲ್ಲ ಈಗಲೂ ಬಳ್ಳಾರಿ ಕಂಟೋನ್ಮೆಂಟ್‌ನ ನಮ್ಮ ಈಗಿನ ಮನೆ ಅಟ್ಟದ ಮೇಲಿದ್ದವು. ಒಂದು ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಬ್ಯಾಗಿಗೆ ತುಂಬಿಕೊಂಡು ಕುರುಗೋಡು ಬಸ್ ಹತ್ತಿದೆ.

ಮೊದಲ ಭಾಗ ಇವತ್ತಿಗೂ ಅದ್ಭುತ. ಹುಡುಗಿ ಅಂದರೆ ಹತ್ತಿಪ್ಪತ್ತು ಬಣ್ಣದ ಚೌಕ, ಅಷ್ಟೇ. ಆದರೆ ಬಟನ್ ಒತ್ತಿದ ಕ್ಷಣ ಜಿಗಿಯುತ್ತಾಳೆ, ಬಿಟ್ಟ ಕ್ಷಣ ಇಳಿಯುತ್ತಾಳೆ. ಎಲ್ಲೂ ಮೋಸ ಇಲ್ಲ, ತಪ್ಪಿದರೆ ತಪ್ಪು ನಮ್ಮದೇ.

ನಾನು ಮೆಚ್ಚುವ ಆ ಗುಣವೇ ಅವನಿಗೆ ಶಿಕ್ಷೆಯಾಯಿತು. ಮೊದಲನೇ ಹಳ್ಳವನ್ನೇ ದಾಟಲಾಗಲಿಲ್ಲ. ಬಿದ್ದ, ಮತ್ತೆ ಬಿದ್ದ, ಕೊನೆಗೆ ಕಂಟ್ರೋಲರ್ ಎಸೆದ.

ಅದನ್ನು ಎತ್ತಿಕೊಂಡವರು ರೇಷ್ಮಾ. ಸೆರಗಿನಲ್ಲಿ ಒರೆಸಿ, ನನ್ನ ಪಕ್ಕ ಕೂತು, "ಇದನ್ನ ಹೆಂಗ ಆಡೋದು ಹೇಳ್ರಿ ಅಣ್ಣಾ" ಅಂದರು.

ಮುಂದಿನ ಭಾನುವಾರ ಎರಡನೇ ಭಾಗ ಹಾಕಿದೆ. ಅದು ಇಬ್ಬರ ಆಟ. ಒಬ್ಬರು ದೀಪ ಹಿಡಿದು ನಡೆದರೆ, ಇನ್ನೊಬ್ಬರು ಬಾಗಿಲು ತೆಗೆಯಬೇಕು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿದೆ.

"ಎಡಕ್ಕ ಹೋಗಂದ್ರ ಬಲಕ್ಕ ಹೋಗ್ತೀಯಲ್ಲ!"

"ದೀಪ ನಿಮ್ಮ ಕಡಿ ಐತಿ. ನನಗೇನ್ ಕಾಣ್ತೈತಿ?"

ಮೆಹಬೂಬ ನಕ್ಕ. ಸ್ಟ್ರೋಕ್ ಆದಮೇಲೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ.

ಆ ಎರಡನೇ ಭಾಗಕ್ಕೆ ನಾನು ಫುಲ್ ಮಾರ್ಕ್ಸ್ ಕೊಡುತ್ತೇನೆ. ಮ್ಯೂಸಿಕ್ ಇವತ್ತಿಗೂ ಮೈ ನವಿರೇಳಿಸುತ್ತದೆ, ಒಂದೇ ಒಂದು ಕೋಣೆಯೂ ಸುಮ್ಮನೆ ಇಟ್ಟಿದ್ದಲ್ಲ. ಆದರೆ ಮೆಹಬೂಬ ಪ್ರತಿ ಸಲ ತಲೆ ತಗ್ಗಿಸಿ, ಬೆರಳು ಎಲ್ಲಿದೆ ಅಂತ ನೋಡಿಯೇ ಬಟನ್ ಒತ್ತುತ್ತಿದ್ದ. ಅದನ್ನು ನೋಡುವುದು ಕಷ್ಟವಾಗುತ್ತಿತ್ತು.

ಮೂರನೇ ಭಾಗ ಹಾಕಲು ನನಗೆ ಮನಸ್ಸಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಅದನ್ನು 'ಮುದುಕರ ಆಟ' ಅಂತ ಬೈದು ಎರಡೇ ದಿನಕ್ಕೆ ಮುಚ್ಚಿಟ್ಟಿದ್ದೆವು. ಜಿಗಿತ ಇಲ್ಲ, ಸಾಯುವುದಿಲ್ಲ, ಬರೀ ನಿಧಾನವಾಗಿ ನಡೆಯುವುದು.

"ತಂದೀಯಲ್ಲ, ಹಾಕಲೇ" ಅಂದ ಮೆಹಬೂಬ.

ಹಾಕಿದೆ. ಆಟದೊಳಗಿನ ಕ್ಯಾಮೆರಾ ಅವತ್ತಿನಷ್ಟೇ ಕೆಟ್ಟದಾಗಿ ಗೋಡೆ ಹಿಂದೆ ಸಿಕ್ಕಿಕೊಳ್ಳುತ್ತದೆ. ಹುಡುಗಿ ಕಲ್ಲಿನ ದಾರಿ ಬಿಟ್ಟು ಮರದ ಸೇತುವೆ ಮೇಲೆ ಕಾಲಿಡುತ್ತಾಳೆ. ಕಂಟ್ರೋಲರ್ ವೈಬ್ರೇಟ್ ಆಗುತ್ತದೆ.

ಮೆಹಬೂಬ ಆಟ ನಿಲ್ಲಿಸಿ ಎಡಗೈ ತೆಗೆಯುತ್ತಾನೆ. ಕಂಟ್ರೋಲರನ್ನು ಬಲಗೈಯಲ್ಲಷ್ಟೇ ಹಿಡಿದು ಕಣ್ಣು ಮುಚ್ಚುತ್ತಾನೆ.

"ನೀನು ನಡಸಲೇ ಆಕೀನ. ಎಲ್ಲಿ ಹೊಂಟಾಳಂತ ಹೇಳಬ್ಯಾಡ."

ನಾನು ಪಕ್ಕದಿಂದ ಕೈ ಚಾಚಿ, ಹುಡುಗಿಯನ್ನು ನಡೆಸುವ ಎಡಗಡೆಯ ಕಡ್ಡಿಯನ್ನು ಬೆರಳಿನಿಂದ ತಳ್ಳುತ್ತೇನೆ. ಕಲ್ಲಿನ ಮೇಲೆ ನಾಲ್ಕು ಹೆಜ್ಜೆ... ಅವನು ಸುಮ್ಮನಿದ್ದಾನೆ. ಸೇತುವೆಗೆ ಬಂದೆ.

"ಈಗ!" ಅಂದ.

ಹಿಂದಕ್ಕೆ ತಂದೆ. "ನಿಂತ್ತು." ಮತ್ತೆ ಸೇತುವೆ. "ಈಗ! ಹೆಬ್ಬಟ್ಟಿಗೆ ಗೊತ್ತಾಗಾಕತ್ತೈತಿ ಗುರ್ಯಾ, ಹೆಬ್ಬಟ್ಟಿಗೆ!"

ರೇಷ್ಮಾ ಒಲೆ ಮೇಲಿನ ಚಹಾ ಮರೆತು ಬಂದು ಕೂತರು. ಉಕ್ಕಿ ಪೂರ್ತಿ ಚೆಲ್ಲಿಹೋಯಿತು. ಯಾರೂ ಎದ್ದು ಹೋಗಲಿಲ್ಲ.

ಅವತ್ತಿನಿಂದ ಅವನಿಗೆ ಯಾರೂ ಹೇಳಬೇಕಾಗಲಿಲ್ಲ, ದಿನಾ ತಾನೇ ಕೂರುತ್ತಿದ್ದ. ವಾರ ವಾರ ಹೋದಾಗ ಹೊಸದೊಂದು ತೋರಿಸುತ್ತಿದ್ದ. ಕೆಸರಿನಲ್ಲಿ ನಡೆದರೆ ಮೆತ್ತಗಿನ ನಡುಕ, ಮರದ ಮೇಲೆ ಟಕಟಕ, ನೀರಿನಲ್ಲಿ ಬಿಟ್ಟು ಬಿಟ್ಟು. ಒಂದೊಂದು ನೆಲಕ್ಕೂ ಒಂದೊಂದು ಥರ ಮಾಡಿಟ್ಟಿದ್ದಾರೆ ಪುಣ್ಯಾತ್ಮರು! ಓಡುವ ಅವಸರದಲ್ಲಿ ನಮಗೆ ಅದು ಅವತ್ತು ಗೊತ್ತೇ ಆಗಿರಲಿಲ್ಲ.

ಡಾಕ್ಟರಿಗೆ ಹೇಳಿದಾಗ ಅವರು ನಕ್ಕರು. ಆಟದಿಂದ ವಾಸಿಯಾಯಿತು ಅಂತ ತಿಳಿಯಬೇಡಿ, ನರಕ್ಕೆ ಅದರದೇ ಸಮಯ ಇರುತ್ತದೆ ಅಂದರು. ಆದರೆ ಬೇಸರವಿಲ್ಲದೆ ದಿನಾ ಕೈ ಆಡಿಸುತ್ತಿದ್ದಾನಲ್ಲ, ಅದನ್ನು ಬಿಡಿಸಬೇಡಿ ಅಂತಲೂ ಹೇಳಿದರು.

ಹೋದ ವಾರ ಮೆಹಬೂಬ ಯೂನಿಟ್‌ಗೆ ಹೋದ. ಸದ್ಯಕ್ಕೆ ಅರ್ಧ ದಿನ. ಮೆಷಿನ್ ಇನ್ನೂ ಕೈಗೆ ಕೊಟ್ಟಿಲ್ಲ, ಬರೀ ಚಾಕ್‌ನಿಂದ ಗುರುತು ಹಾಕುವುದು. ಗೆರೆ ಸ್ವಲ್ಪ ಸೊಟ್ಟ ಬರುತ್ತದಂತೆ.

ನಾನು ಕಾಲೇಜಿನ ಲೈಬ್ರರಿಯಲ್ಲಿ ಕೆಲಸದಲ್ಲಿದ್ದಾಗ ಫೋನ್ ಬಂತು.

"ಲೇ, ಬಟ್ಟಿ ದಪ್ಪ ಐತೋ ತೆಳ್ಳಗೈತೋ ಅಂತ ಮುಟ್ಟಿ ಹೇಳಿದೆ ಇವತ್ತು. ಕಣ್ಣು ಮುಚ್ಚಿ!"

ಲೈಬ್ರರಿಯಲ್ಲಿ ಜೋರಾಗಿ ಮಾತಾಡಬಾರದು ಅಂತ ದಿನಾ ಎಲ್ಲರಿಗೂ ಹೇಳುವವನು ನಾನು. ಅವತ್ತು ನಾನೇ ಕೂಗಿಬಿಟ್ಟೆ.

ಮೂರನೇ ಭಾಗದ ಬಗ್ಗೆ ಇಪ್ಪತ್ತು ವರ್ಷ ಕೆಟ್ಟದಾಗಿ ಮಾತಾಡಿದ್ದೇನೆ, ಎಲ್ಲ ವಾಪಸ್ ತಗೊಂಡಿದ್ದೇನೆ... ನೀವು ಬೈದು ಮುಚ್ಚಿಟ್ಟು, ಆಮೇಲೆ ಕ್ಷಮೆ ಕೇಳಬೇಕು ಅನ್ನಿಸಿದ ಆಟ ಯಾವುದು?