ನಾನು ಕೂರದ ಸೀಟು

"ಅಂಕಲ್‌ಜೀ, ಹದಿನಾಲ್ಕು-ಸಿ ನೀವೇ ಅಲ್ವಾ? ನಿಮ್ಮ ಪಕ್ಕ ಕೂತಿದ್ದವರಿಗೆ ಹಂದಿಜ್ವರ" ಎನ್ನುತ್ತ ಆರೋಗ್ಯ ಕಾರ್ಯಕರ್ತೆಯೊಬ್ಬಳು ನಮ್ಮ ನೋಯ್ಡಾ ಮನೆಯ ಬಾಗಿಲಲ್ಲಿ ಮಾತ್ರೆ ಮುಂದೆ ಹಿಡಿದಾಗ ನಾನು ತೆಗೆದುಕೊಳ್ಳಲಿಲ್ಲ. ಸಿಂಗಪುರದಿಂದ ದೆಹಲಿಗೆ ವಿಮಾನದಲ್ಲಿ ಬರುವಾಗ ಕೈಗೂಸಿನ ತಾಯಿಯೊಬ್ಬಳಿಗೆ ಆ ಸೀಟು ಬಿಟ್ಟುಕೊಟ್ಟು, ನಾನು ಹಿಂದೆಲ್ಲೋ ಇದ್ದ ಆಕೆಯ ಸೀಟಿನಲ್ಲಿ ಕುಳಿತಿದ್ದೆ. ಆದರೂ ವಿಮಾನ ನಿಲ್ದಾಣದಲ್ಲಿ ತುಂಬಿಕೊಟ್ಟ ಆರೋಗ್ಯ ಘೋಷಣಾ ಪತ್ರದಲ್ಲಿ ನನ್ನ ಟಿಕೆಟ್ಟಿನಲ್ಲಿದ್ದ ಸಂಖ್ಯೆಯನ್ನೇ ಬರೆದಿದ್ದೆ.

"ಅಲ್ಲಿ ಕೂತಿದ್ದು ಒಂದು ಮಗು, ಅದರ ತಾಯಿ. ಮೊದಲು ಅವರನ್ನು ಹುಡುಕಮ್ಮ" ಎಂದೆ.

"ಅಚ್ಛಾ, ಅವರ ಹೆಸರು? ಹೋಗಲಿ, ನೀವು ಕೂತಿದ್ದ ಸೀಟಿನ ನಂಬರು?"

ಎರಡೂ ನನಗೆ ತಿಳಿದಿರಲಿಲ್ಲ.

ಅಚ್ಚಾದದ್ದನ್ನೆಲ್ಲ ಶಂಕಿಸುವವನೆಂದು ಬೀಗುತ್ತಿದ್ದ ನಾನು, ಟಿಕೆಟ್ಟಿನಲ್ಲಿ ಅಚ್ಚಾಗಿದ್ದ ಆ ಸಂಖ್ಯೆಯನ್ನು ಮಾತ್ರ ಕಣ್ಣುಮುಚ್ಚಿ ನಕಲು ಮಾಡಿದ್ದೆ. ಅವಳು ಬಿಟ್ಟುಹೋದ ಮಾತ್ರೆಗಳು ಮೇಜಿನ ಮೇಲೆ ಹಾಗೆಯೇ ಇವೆ. ಮಗು ಹೇಗಿದೆಯೋ ತಿಳಿಯದು.