ಜೋಡಿ ನಕ್ಷತ್ರದ ಐದು ರೂಪಾಯಿ

ನಾಣ್ಯದ ಹುಚ್ಚು ನನಗೆ, ಅಪರೂಪದ ನಾಣ್ಯ ಸಿಕ್ಕಿದ್ದು ಮಾತ್ರ ಕೊತ್ತತ್ತಿಯ ನನ್ನ ಷಡ್ಡಕನಿಗೆ. ಅದೂ ಮಂಡ್ಯದ ಮಾರ್ಕೆಟ್ಟಿನಲ್ಲಿ ಹಸಿಮೆಣಸಿನಕಾಯಿ ಕೊಂಡಾಗ ಬಂದ ಚಿಲ್ಲರೆಯಲ್ಲಿ. "ಇದ್ರಲ್ಲೇನೋ ಅದೆ, ಬಂದ್ ನೋಡಣ್ಣ" ಅಂತ ಫೋನು ಮಾಡಿದ. ಬರೀ ಗೀರಾಗಿರಲಿ ಅಂತ ಬೇಡಿಕೊಳ್ಳುತ್ತಲೇ ನನ್ನ ಡಿಜಿಟಲ್ ಮೈಕ್ರೋಸ್ಕೋಪು ಹಿಡಿದು ಹೋದೆ.

ಲ್ಯಾಪ್‌ಟಾಪಿನ ಪರದೆಯ ತುಂಬ ಐದು ರೂಪಾಯಿ ಹರಡಿಕೊಂಡಿತು. ಇಸವಿಯ ಕೆಳಗೆ ಟಂಕಸಾಲೆಯ ಗುರುತಾಗಿ ಒಂದೇ ನಕ್ಷತ್ರ ಇರಬೇಕು. ಇಲ್ಲಿ ಒಂದರ ಬೆನ್ನೇರಿ ಇನ್ನೊಂದು ಕೂತಿತ್ತು. ಬೆಳಕು ತಿರುಗಿಸಿ ನೋಡಿದೆ, ಕೊಳೆ ಒರೆಸಿ ನೋಡಿದೆ. ಗೀರಲ್ಲ, ಅಚ್ಚಿನಲ್ಲೇ ಜೋಡಿ. ನನ್ನ ಹೊಟ್ಟೆಯೊಳಗೆ ಒಲೆ ಹತ್ತಿತು.

"ಏನಿಲ್ಲ ಬುಡು" ಅನ್ನೋಣವೆಂದರೆ ಪರದೆ ಎಲ್ಲರ ಕಣ್ಣ ಮುಂದೆಯೇ ಇತ್ತು. "ಇಂಥದ್ದು ಇನ್ನೊಂದು ನಾನು ಕಂಡಿಲ್ಲ. ನನಗೆ ಕೊಡು, ಕೇಳಿದ್ದು ಕೊಡ್ತೀನಿ" ಅಂದೆ.

ಅಷ್ಟರಲ್ಲಿ ಅವನ ಹೆಂಡತಿ, ಅಂದರೆ ನನ್ನ ನಾದಿನಿ, ಅರಿಶಿನದ ಬಟ್ಟೆ ತಂದಳು. ಅವರ ಹಸು ಕರು ಹಾಕುವುದರಲ್ಲಿತ್ತು, ಮನೆದೇವರಿಗೆ ಮುಡಿಪು ಕಟ್ಟಬೇಕಿತ್ತು.

"ಇನ್ನೊಂದಿಲ್ಲ ಅಂದ್ಮೇಲೆ ನಮಗ್ಯಾಕೆ ಭಾವ, ದ್ಯಾವ್ರಿಗೇ ಸರಿ" ಅಂತ ನಾಣ್ಯ ಎತ್ತಿ ಬಟ್ಟೆಯಲ್ಲಿಟ್ಟು ಗಂಟು ಹಾಕಿಬಿಟ್ಟಳು.

"ಬೇರೆ ಐದು ರೂಪಾಯಿ ಕಟ್ಟಮ್ಮ" ಅಂದೆ.

"ದ್ಯಾವ್ರಿಗೆ ಕಟ್ಟಿದ್ ಗಂಟ ಬಿಚ್ಚಕ್ಕಾದದಾ ಅಣ್ಣ" ಅಂದ ಷಡ್ಡಕ.

ಈಗ ಅವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಇರುವುದೆಲ್ಲ ಅವರ ಮನೆದೇವರ ಮೇಲೆ. ಆ ನಕ್ಷತ್ರ ನೋಡೋಕೆ ದೇವರ ಹತ್ತಿರ ಒಂದು ಮೈಕ್ರೋಸ್ಕೋಪೂ ಇಲ್ಲ.