ದೇವರಿಗೆ ದಾರಿ ಹೇಳಿದ್ದು

ದೇವರಿಗೆ ಆಸ್ಪತ್ರೆಯ ದಾರಿ ಹೇಳಿಕೊಟ್ಟ ಮೊದಲ ಕ್ರೈಸ್ತ ನಾನೇ ಇರಬೇಕು. ಬರೇ ಕಂಕನಾಡಿ ಎಂದು ಹೇಳಿ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಾನು ಎರಡನೇ ಮಹಡಿ, ಲಿಫ್ಟಿನಿಂದ ಹೊರಗೆ ಬಂದು ಎಡಕ್ಕೆ ಎಂದೂ ಸೇರಿಸಿದೆ. ಅವನಿಗೆ ತಿಳಿಯದ್ದು ಯಾವುದೂ ಇಲ್ಲ ಎಂದು ಪ್ರತಿ ಭಾನುವಾರ ಚರ್ಚಿನಲ್ಲಿ ಪೂಜೆಯ ನಂತರ ಎಂಟನೇ ತರಗತಿಯ ಮಕ್ಕಳಿಗೆ ಕಲಿಸುವವನೂ ನಾನೇ. ಪಪ್ಪನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವರದು ಒಂದೇ ಷರತ್ತು, ತನ್ನನ್ನು ಸ್ವಲ್ಪ ತೆಳ್ಳಗೆ ತೋರಿಸಬೇಕಂತೆ.

ನಮ್ಮದು ಮೂರೇ ಜನರ ಮನೆ. ತೆಳ್ಳಗಿನ ಪಪ್ಪ ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ. ಮಮ್ಮಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾರೆ. ನಾನು ಕದ್ರಿಯ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತೇನೆ, ರಜೆಯ ದಿನಗಳಲ್ಲಿ ಮದುವೆಯ ಹಾಲ್‌ಗಳಲ್ಲಿ ಮೈಕ್ ಹಿಡಿದು ಕಾರ್ಯಕ್ರಮ ನಡೆಸುತ್ತೇನೆ. ಎಲ್ಲಿಯಾದರೂ ಒಂದು ಕ್ಷಣ ಮೌನವಾದರೆ ಸಾಕು, ನನ್ನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಈ ಕಾಯಿಲೆಗೆ ಇನ್ನೂ ಮದ್ದು ಸಿಕ್ಕಿಲ್ಲ.

ಆ ಶುಕ್ರವಾರ ಪಪ್ಪ ತನ್ನನ್ನು ಬೈಕಿನಲ್ಲಿ ಕಂಕನಾಡಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಲು ನನಗೆ ಹೇಳಿದರು. ಮಮ್ಮಿಗೆ ಹೇಳಿದ್ದು ಬೈಕ್ ಸರ್ವಿಸಿಗೆಂದು. ಪಪ್ಪನ ಕುತ್ತಿಗೆಯ ಬಲಬದಿಯಲ್ಲಿ ಒಂದು ಗಂಟು ಎದ್ದಿತ್ತು. ಡಾಕ್ಟರು ಮುಟ್ಟಿ ನೋಡಿದರು, ಸೂಜಿ ಹಾಕಿ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು, ಸೋಮವಾರ ಬನ್ನಿ ಎಂದರು. ಕೆಳಗೆ ಬಂದಾಗ ಪಪ್ಪ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಾ, ರಿಪೋರ್ಟ್ ಬರುವವರೆಗೆ ಮಮ್ಮಿಗೆ ಒಂದು ಶಬ್ದವೂ ತಿಳಿಯಬಾರದು ಎಂದರು. ಕಾರಣ ನನಗೂ ಗೊತ್ತಿತ್ತು. ಮಮ್ಮಿಯ ಅಣ್ಣ ತೀರಿಕೊಂಡದ್ದು ಇಂಥದೇ ಒಂದು ಗಂಟಿನಿಂದ.

ಗುಟ್ಟು ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಜೀವಂತ ಏಡಿ ನುಂಗಿದವನ ಹಾಗೆ ಓಡಾಡಿದೆ. ಕೂತರೆ ನಿಲ್ಲಬೇಕು, ನಿಂತರೆ ಹೊರಗೆ ಹೋಗಬೇಕು, ಹೊರಗೆ ಹೋದರೆ ಮನೆಯಲ್ಲಿ ಏನಾಯಿತೋ ಎಂದು ಓಡಿ ಬರಬೇಕು. ಹೆಲ್ಮೆಟ್ ಹಾಕಿಕೊಂಡೇ ಊಟಕ್ಕೆ ಕೂತೆ. ಶನಿವಾರದ ಮದುವೆಯಲ್ಲಿ, ಕೇಕ್ ಕತ್ತರಿಸಲು ವರನನ್ನೂ ಅವನ ಅತ್ತೆಯನ್ನೂ ವೇದಿಕೆಗೆ ಕರೆದೆ. ಅತ್ತೆ ಸಂತೋಷದಿಂದ ಬಂದೇಬಿಟ್ಟರು.

ಭಾನುವಾರದ ಪಾಠ ತ್ರಿಯೇಕ ದೇವರದ್ದು. ಪಿತ, ಸುತ, ಪವಿತ್ರಾತ್ಮ, ಮೂವರು, ಆದರೆ ಒಬ್ಬನೇ ದೇವರು ಎಂದು ಬೋರ್ಡಿನ ಮೇಲೆ ತ್ರಿಕೋನ ಬರೆದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಮೂವರೂ ಒಂದೇ ದೇವರಾದರೆ, ಕಡೆಯ ದಿನ ಯಾವಾಗ ಎಂದು ಸುತನಿಗೂ ತಿಳಿಯದು, ಪಿತನಿಗೆ ಮಾತ್ರ ಗೊತ್ತು ಎಂದು ಯೇಸು ಯಾಕೆ ಹೇಳಿದ್ದು ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ, ಮುಂದಿನ ವಾರ ನೋಡುವ ಎಂದು ಹೇಳಿ ನೇರ ಫಾದರ್ ಹತ್ತಿರ ಓಡಿದೆ.

ಫಾದರ್ ಚರ್ಚಿನ ಹಿಂದೆ ಆಂಥೂರಿಯಂ ಕುಂಡಗಳಿಗೆ ನೀರು ಹಾಕುತ್ತಿದ್ದರು.

"ಮೂವರು ಅಂದ ಕೂಡಲೇ ಮೂರು ತಲೆ ಅಂತ ಎಣಿಸಬೇಡ," ಎಂದರು. "ತಿಳಿವು ಒಂದೇ. ಪಿತನಿಗೆ ಗೊತ್ತಿರುವುದೆಲ್ಲ ಸುತನಿಗೂ ಗೊತ್ತುಂಟು, ಪವಿತ್ರಾತ್ಮನಿಗೂ ಗೊತ್ತುಂಟು. ಆದರೆ ಸುತ ಮನುಷ್ಯನಾಗಿ ಬಂದದ್ದು ಆ ದಿನವನ್ನು ನಮಗೆ ಹೇಳ್ಲಿಕ್ಕೆ ಅಲ್ಲ. ಅದಕ್ಕೆ ಹೇಳಲಿಲ್ಲ."

ಸಂತರೂ ಪಂಡಿತರೂ ಇದನ್ನು ಬೇರೆ ಬೇರೆ ರೀತಿಯಲ್ಲಿ ವಿವರಿಸಿದ್ದಾರೆಂದೂ ಅವರು ಹೇಳಿದರು. ನಾನು ಅಷ್ಟು ಹೊತ್ತು ಎಲ್ಲಿ ನಿಂತೆ? ಗೊತ್ತಿದ್ದೂ ಹೇಳಲಿಲ್ಲ ಎಂಬಲ್ಲಿಗೇ ನನ್ನ ಎದೆ ಉಬ್ಬಿತ್ತು. ಪಿತನಾದ ಪಪ್ಪನಿಗೆ ಗೊತ್ತು, ಸುತನಾದ ನನಗೂ ಗೊತ್ತು, ಬಾಯಿ ಮುಚ್ಚಿ ಕೂತಿದ್ದೇನೆ. ಮನೆಗೆ ಹೋಗುವ ದಾರಿಯಲ್ಲಿ ನನಗೆ ನಾನೇ ಒಂದು ಪ್ರಭಾವಳಿ ಹಾಕಿಕೊಂಡೆ. ಅದು ಸಂಜೆಯವರೆಗೆ ಮಾತ್ರ ಉಳಿಯಿತು.

ಸಂಜೆ ನಮ್ಮಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಕೊನೆಯಲ್ಲಿ ಒಬ್ಬೊಬ್ಬರು ಒಂದೊಂದು ಕೋರಿಕೆಯನ್ನು ಗಟ್ಟಿಯಾಗಿ ಹೇಳುವುದು ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಪಪ್ಪ ಬಂದರಿನವರಿಗಾಗಿ ಬೇಡಿದರು. ಮಮ್ಮಿ ಪಕ್ಕದ ಮನೆಯ ಹುಡುಗಿಯ ವೀಸಾಕ್ಕಾಗಿ ಬೇಡಿದರು. ನಾನು ಯಾವಾಗಲೂ ಲೋಕಕ್ಕೆ ಶಾಂತಿ ಬೇಡಿ ಒಂದೇ ಉಸಿರಿನಲ್ಲಿ ಮುಗಿಸುವವ. ಆ ದಿನ ನನ್ನ ಸರದಿ ಬಂದಾಗ ಲೋಕವೂ ನೆನಪಾಗಲಿಲ್ಲ, ಶಾಂತಿಯೂ ನೆನಪಾಗಲಿಲ್ಲ. ಒಂದು ಕ್ಷಣ ಮೌನ. ಅಷ್ಟೇ ಸಾಕಾಯಿತು.

"ಸರ್ವವನ್ನೂ ಬಲ್ಲ ದೇವರೇ," ಎಂದು ಮದುವೆಯ ಹಾಲಿನ ಸ್ವರದಲ್ಲಿ ಶುರುಮಾಡಿದೆ. ಪಪ್ಪನ ಕುತ್ತಿಗೆಯ ಗಂಟು, ಅದೂ ಬಲಬದಿಯದು, ಸೂಜಿ, ನಾಳೆಯ ರಿಪೋರ್ಟ್, ಕಂಕನಾಡಿ, ಎರಡನೇ ಮಹಡಿ. ವಧೂವರರನ್ನು ಪರಿಚಯಿಸುವ ಹಾಗೆ ಒಂದನ್ನೂ ಬಿಡಲಿಲ್ಲ. ಎಡಕ್ಕೆ ಎಂದ ಮೇಲೆಯೇ ನಾನೆಲ್ಲಿದ್ದೇನೆಂದು ನನಗೆ ನೆನಪಾದದ್ದು.

ಪಪ್ಪನ ಕೈಯಲ್ಲಿ ಮಣಿಗಳು ನಿಂತವು. ಮಮ್ಮಿ ತಲೆಯೆತ್ತಲಿಲ್ಲ. ನನ್ನ ಕೋರಿಕೆಗೆಂದು ಒಂದು 'ನಮೋ ಮರಿಯಾ'ವನ್ನು ತಾವೊಬ್ಬರೇ ಪೂರ್ತಿ ಹೇಳಿ, ಶಿಲುಬೆಯ ಗುರುತು ಹಾಕಿ ಎದ್ದರು. ತೇರ್ಸ್ ಮುಗಿದ ಮೇಲೆ ನಾನು ಹಿರಿಯರ ಆಶೀರ್ವಾದ ಕೇಳಬೇಕು. ಕೇಳಿದೆ. ಮಮ್ಮಿ ಅಡಿಗೆಮನೆಯ ಕಡೆ ನಡೆಯುತ್ತಲೇ ಆಶೀರ್ವದಿಸಿದರು. ತಲೆ ಮುಟ್ಟಲಿಲ್ಲ.

ಪಪ್ಪ ನನ್ನನ್ನೇ ನೋಡಿದರು. "ಎಂತ ಮಾರಾಯ, ದೇವರು ಲಿಫ್ಟಿನಲ್ಲಿ ಬರುದಾ?"

ಬಂಗುಡೆಯ ಸಾರು ಬಿಸಿಯಾಗುತ್ತಿತ್ತು. ಮಮ್ಮಿ ಒಲೆಯ ಕಡೆ ತಿರುಗಿ ನಿಂತಿದ್ದರು, ಸೌಟು ಪಾತ್ರೆಯಲ್ಲಿ ಸುಮ್ಮನೆ ಸುತ್ತುತ್ತಿತ್ತು. ಬಾಗಿಲಲ್ಲಿ ನಿಂತು, ಬೆಳಿಗ್ಗೆಯಷ್ಟೇ ಕಲಿತ ದೇವಶಾಸ್ತ್ರವನ್ನೆಲ್ಲ ಅವರ ಬೆನ್ನಿಗೆ ಒಪ್ಪಿಸಿದೆ. ಫಾದರ್ ಹೇಳಿದ್ದು, ಮೂವರಿಗೂ ಒಂದೇ ತಿಳಿವು ಇರುವುದು, ಸುತ ಗೊತ್ತಿದ್ದೂ ಹೇಳದೆ ಇದ್ದದ್ದು. ನಿಮಗೆ ನೋವಾಗಬಾರದೆಂದು ನಾವೂ ಹಾಗೆಯೇ ಮಾಡಿದ್ದು ಎಂದೆ.

ಮಮ್ಮಿ ಒಲೆ ಆರಿಸಿ ತಿರುಗಿದರು. ಕಣ್ಣು ಒದ್ದೆಯಾಗಿತ್ತು, ಸ್ವರ ಆಗಿರಲಿಲ್ಲ.

"ಗೊತ್ತಿದ್ದವನಿಗೆ ಅಷ್ಟುದ್ದ ಹೇಳಿದಿ ಪುತಾ. ಗೊತ್ತಿಲ್ಲದವಳು ನಿನ್ನ ಪಕ್ಕದಲ್ಲೇ ಮೊಣಕಾಲೂರಿದ್ದೆ."

ನನ್ನ ಬಾಯಿ, ಜೀವನದಲ್ಲಿ ಮೊದಲ ಸಲ, ಮೌನವನ್ನು ಹಾಗೆಯೇ ಬಿಟ್ಟಿತು.

"ಸುತ ಹೇಳದೆ ಇದ್ದದ್ದು ನಮಗೆ. ಅವರು ಮೂವರ ಒಳಗೆ ಮುಚ್ಚಿಟ್ಟದ್ದು ಎಂತದೂ ಇಲ್ಲ ಅಂತಲ್ವಾ ಫಾದರ್ ಹೇಳಿದ್ದು? ನಾನೆಂತ, ಈ ಮನೆಗೆ ಹೊರಗಿನವಳಾ? ಅಣ್ಣನಿಗೆ ಆದಾಗಲೂ ನನಗೆ ಹೇಳಿದ್ದು ಎಲ್ಲರಿಗೂ ಗೊತ್ತಾದ ಮೇಲೆ."

ಹಿಂದೆ ಪಪ್ಪ ಬಂದು ನಿಂತದ್ದು ನನಗೆ ಅವರ ಉಸಿರಿನಿಂದ ತಿಳಿಯಿತು. ಮಮ್ಮಿ ನನ್ನನ್ನು ಸರಿಸಿ ಹೋಗಿ, ಅವರ ಅಂಗಿಯ ಕಾಲರನ್ನು ಬಿಡಿಸಿ, ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ತುಂಬ ಹೊತ್ತು. ಆಮೇಲೆ ಕಾಲರನ್ನು ಸರಿಮಾಡಿ ನನ್ನ ಕಡೆ ತಿರುಗಿದರು.

"ನಾಳೆ ನಾನೂ ಬರ್ತೇನೆ. ಬೈಕಿನಲ್ಲಿ ಮೂರು ಜನ ಆಗುದಿಲ್ಲ, ಒಂದು ರಿಕ್ಷಾಕ್ಕೆ ಹೇಳಿಡು."